ಸಹಾಯ ಬೇಕು: ಚೀಟಿ ಎತ್ತಿ ಶಾಲೆ ಆರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ ನಾವು ಗೆಳೆಯರು ಸೇರಿ ಸರ್ಕಾರಿ ಶಾಲೆ ಮಕ್ಕಳಿಗೆ ಸಂಜೆ ಓದಿನ ತರಗತಿ ನಡೆಸುತ್ತೇವೆ. ಹೋದ ವರ್ಷ ತಾವಾಗಿಯೇ ಕೇಳಿಕೊಂಡು ಬಂದ ಶಾಲೆಗಳಲ್ಲಿ ಶುರು ಮಾಡಿದೆವು. ಮಕ್ಕಳ ಓದು ಸುಧಾರಿಸಿತು, ಆದರೆ ಅದು ನಮ್ಮ ತರಗತಿಯಿಂದಲೋ ಅಥವಾ ಅಲ್ಲಿನ ಮಾಸ್ತರರು ಮೊದಲೇ ಚುರುಕಾಗಿದ್ದರಿಂದಲೋ ಗೊತ್ತಾಗಲೇ ಇಲ್ಲ.

ಈ ಸಲ 40 ಶಾಲೆಗಳು ಕೇಳಿವೆ, ದುಡ್ಡು ಇರುವುದು 20ಕ್ಕೆ. ಎಸ್‌ಡಿಎಂಸಿಯವರ (ಶಾಲಾಭಿವೃದ್ಧಿ ಸಮಿತಿಯವರ) ಎದುರೇ ಚೀಟಿ ಎತ್ತಿ 20 ಶಾಲೆ ಆರಿಸಿ, ಎಲ್ಲ 40ರಲ್ಲೂ ಮೊದಲು ಒಮ್ಮೆ, ವರ್ಷದ ಕೊನೆಗೆ ಒಮ್ಮೆ ಮಕ್ಕಳನ್ನು ಓದಿಸಿ ನೋಡೋಣ, ಉಳಿದವರಿಗೆ ಮುಂದಿನ ವರ್ಷ ಕೊಡೋಣ ಅಂತಿದ್ದೇವೆ. ಮೆಕ್ಸಿಕೋದಲ್ಲಿ 1997ರಲ್ಲಿ ಶುರುವಾದ, ಮಕ್ಕಳನ್ನು ಶಾಲೆಗೆ ಕಳಿಸುವ ಬಡ ಕುಟುಂಬಗಳಿಗೆ ಹಣ ಕೊಡುವ ಪ್ರೊಗ್ರೆಸಾ ಯೋಜನೆಯನ್ನು 506 ಹಳ್ಳಿಗಳಲ್ಲಿ ಹೀಗೇ ಪರೀಕ್ಷಿಸಿದ್ದರು, 320ಕ್ಕೆ ಮೊದಲು, 186ಕ್ಕೆ ಆಮೇಲೆ.

ನಮಗೆ 40 ಸಾಕಾ? ಮಕ್ಕಳು ಜಾಸ್ತಿ ಇದ್ದರೂ ಒಂದೇ ಶಾಲೆಯವರು ಹೆಚ್ಚುಕಡಿಮೆ ಒಂದೇ ಥರ ಇರುತ್ತಾರೆ, ಹಾಗಾಗಿ ಮಕ್ಕಳ ಲೆಕ್ಕಕ್ಕಿಂತ ಶಾಲೆಗಳ ಲೆಕ್ಕವೇ ಮುಖ್ಯ ಅಲ್ವಾ.

ಇನ್ನೊಂದು ದೊಡ್ಡ ಚಿಂತೆ ಗುಳೆ. ಎಷ್ಟೋ ಮನೆಯವರು ಬೆಂಗಳೂರಿಗೆ, ಮುಂಬೈಗೆ ದುಡಿಯಲು ಹೋಗುವಾಗ ಮಕ್ಕಳನ್ನೂ ಕರೆದುಕೊಂಡು ಹೋಗುತ್ತಾರೆ. ಕೊನೆಗೆ ಸಿಗದ ಮಕ್ಕಳನ್ನು ಸುಮ್ನೆ ಬಿಟ್ಟರೆ ಲೆಕ್ಕವೇ ತಪ್ಪುತ್ತದೆ, ಅದರಲ್ಲೂ ಒಂದು ಗುಂಪಿನಲ್ಲೇ ಜಾಸ್ತಿ ಮಕ್ಕಳು ಹೋದರೆ.

ಸಂಖ್ಯಾಶಾಸ್ತ್ರ ಗೊತ್ತಿರುವವರು ಅರ್ಧ ಗಂಟೆ ಫೋನಿನಲ್ಲಿ ಸಿಗುತ್ತೀರಾ? ಚೀಟಿ ಎತ್ತುವ ಮೊದಲೇ ಕೇಳಬೇಕಿದೆ.