ಕಪ್ಪುಕುಳಿ ಉರಿ ಹಾಕತೈತಿ ಖರೆ, ಆ ಕಾವು ಹರಡೂದು ಹೆಂಗ?

ಮುಧೋಳದ ಹುಡುಗ: ನಿನ್ನೆ ಗೆಳೆಯಾನ ಜೋಡಿ ವಾದ ಆತು. ಪರ್ಸಿಯಸ್ ಗೆಲಾಕ್ಸಿ ಗುಚ್ಛದ ನಡುವ ಕೋಟಿಗಟ್ಟಲೆ ಡಿಗ್ರಿ ಕಾದ ಅನಿಲ ಐತಿ. ಎಕ್ಸ್-ರೇ ಚೆಲ್ಲಿ ಚೆಲ್ಲಿ ನೂರು ಕೋಟಿ ವರ್ಷದೊಳಗ ಅದು ಆರಬೇಕಿತ್ತು, ನಕ್ಷತ್ರ ಆಗಬೇಕಿತ್ತು. ಆಗಿಲ್ಲ. ಗುಚ್ಛದ ನಟ್ಟನಡುವಿನ ಗೆಲಾಕ್ಸಿ ಎನ್‌ಜಿಸಿ 1275ರ ಕಪ್ಪುಕುಳಿ ಕಾಸತೈತಿ ಅಂದೆ. ನುಂಗೂದು ಹೆಂಗ ಕಾಸತೈತಿ ಅಂತ ಅವನ ಪ್ರಶ್ನೆ.

ವಿಜಯಪುರ ಮಾಸ್ತರ: ಬಿದ್ದದ್ದೆಲ್ಲಾ ಒಳಗ ಹೋಗೂದಿಲ್ಲ ತಮ್ಮಾ. ಒಂದಿಷ್ಟು ಎರಡೂ ಕಡೆ ಜೆಟ್ ಆಗಿ ಚಿಮ್ಮಿ, ಬಿಸಿ ಅನಿಲದಾಗ ಗುಳ್ಳಿ ಕೊರೀತೈತಿ. ನಿಮ್ಮೂರ ಗಾಣದಾಗ ಒಲಿ ಮುಂದ ಕುಂತಾವನ್ನ ನೋಡಿಯಲ್ಲ? ಕೊಪ್ಪರಿಗಿ ಆರಾಕತ್ತಿದ್ರ ರವದಿ ತುರುಕತಾನ, ಉಕ್ಕಿದ್ರ ಕೈ ಹಿಡೀತಾನ. ಇಲ್ಲೂ ಹಂಗ. ಅನಿಲ ಆರಿದ್ರ ಕಪ್ಪುಕುಳಿಗೆ ಊಟ, ಉಂಡ್ರ ಜೆಟ್, ಜೆಟ್‌ನಿಂದ ಅನಿಲ ಕಾದ್ರ ಊಟ ಬಂದ್.

ಬೆಳಗಾವಿ ಎಂಎಸ್ಸಿ: ಮಾಸ್ತರ, ಕೊಪ್ಪರಿಗಿ ತಳಕ್ಕೆಲ್ಲಾ ಉರಿ ಹತ್ತತೈತಿ. ಜೆಟ್ ಹೋಗೂದು ಎರಡೇ ದಿಕ್ಕಿಗೆ. ಉಳಿದ ಕಡೆ ಯಾಕ ಆರಿಲ್ಲ? 2016ರಾಗ ಜಪಾನಿನ ಹಿಟೋಮಿ ಉಪಗ್ರಹ ಅಳೆದಾಗ ಪರ್ಸಿಯಸ್ ನಡುವಿನ ಅನಿಲದ ಕದಡಾಟ ಸೆಕೆಂಡಿಗೆ ಬರೇ 164 ಕಿ.ಮೀ. ಇತ್ತು. ಇಷ್ಟು ಮೆಲ್ಲಗ ತಿರುಗೋ ಸುಳಿಗಳು ದೂರಕ್ಕ ಶಕ್ತಿ ಮುಟ್ಟಿಸೂದರಾಗ ಅಲ್ಲಿಯ ಅನಿಲ ಆರಿ ಹೋಗಿರತೈತಿ.

ವಿಜಯಪುರ ಮಾಸ್ತರ: ಅದಕ್ಕ ನಾ ಶಬ್ದದ ಕಡೆ. 2003ರಾಗ ನಾಸಾದ ಚಂದ್ರಾ ಎಕ್ಸ್-ರೇ ದೂರದರ್ಶಕದ ಚಿತ್ರದಾಗ ಗುಳ್ಳಿ ಸುತ್ತ ಉಂಗುರದಂಥ ಶಬ್ದದ ಅಲಿ ಕಂಡ್ವು. ಆ ಅನಿಲದಾಗ ಶಬ್ದ ಸೆಕೆಂಡಿಗೆ ಸುಮಾರು ಸಾವಿರ ಕಿ.ಮೀ. ಓಡತೈತಿ, ಎಲ್ಲಾ ದಿಕ್ಕಿಗೂ. ನಮ್ಮ ಗೋಳಗುಮ್ಮಟದಾಗ ಕೂಗಿದ ದನಿ ಮತ್ತ ಮತ್ತ ಬಂದು ಸಣ್ಣಗಾಗಿ ಅಡಗತೈತಿ. ಅಡಗಿದ್ದು ಗಾಳಿಯಾಗ, ಗ್ವಾಡಿಯಾಗ ಕಾವಾಗತೈತಿ. ಅಳತಿ ಸಣ್ಣದು, ಲೆಕ್ಕ ಅದೇ.

ಬೆಳಗಾವಿ ಎಂಎಸ್ಸಿ: ಎಷ್ಟು ಬೇಗ ಅಡಗತೈತಿ ಅನ್ನೂದು ಅನಿಲದ ಜಿಗುಟು, ಕಾಂತಕ್ಷೇತ್ರದ ಮ್ಯಾಲೆ ನಿಂತೈತಿ. ಭಾಳ ದೂರ ಹೋಗಿ ಅಡಗಿದ್ರ ನಡುವಿಗೆ ಏನು ಲಾಭ? ನನಗ ಗುಳ್ಳಿನ ಮುಖ್ಯ ಅನಸತೈತಿ. ತೇಲಿ ಏರತಾ ತಳದ ತಂಪು ಅನಿಲ ಎಳಕೊಂಡು ಹೋಗಿ ಬಿಸಿಯೊಳಗ ಕಲಸತಾವು.

ಕೃಷ್ಣಾ ದಂಡಿ: ಇಬ್ಬರೂ ದೊಡ್ಡ ಗುಚ್ಛದಾಗ ಉಳದ್ರಿ. ಹತ್ತಾರು ಗೆಲಾಕ್ಸಿಯ ಸಣ್ಣ ಗುಂಪು ತಗೋರಿ. ಗುರುತ್ವ ಕಡಿಮಿ ಇರೂದರಿಂದ ಜೆಟ್ ಅನಿಲವನ್ನ ಕಾಸೂದಷ್ಟ ಅಲ್ಲ, ಹೊರಗ ದಬ್ಬತೈತಿ. ಗುಂಪುಗಳಾಗ ಒಟ್ಟು ತೂಕದಾಗಿನ ಅನಿಲದ ಪಾಲು ಗುಚ್ಛಕ್ಕಿಂತ ಕಡಿಮಿ ಕಾಣೂದಕ್ಕ ಇದು ದೊಡ್ಡ ಕಾರಣ. ಸಣ್ಣ ಬೋಗಾಣಿಗೆ ಕೊಪ್ಪರಿಗಿ ಉರಿ ಕೊಟ್ಟಂಗ.

ಮುಧೋಳದ ಹುಡುಗ: ಹಂಗಾದ್ರ ಒಲಿ ಮುಂದ ಕುಂತಾವ ಪಾತ್ರಿ ಅಳತಿ ನೋಡೂದಿಲ್ಲೇನ್ರಿ?

ಕೃಷ್ಣಾ ದಂಡಿ: ಅವನಿಗೆ ಕಾಣೂದು ತನ್ನ ಬಾಯಿಗೆ ಬೀಳೂ ಅನಿಲ ಅಷ್ಟ.