ಕ್ಯಾಲಿಫೋರ್ನಿಯಾದ ವಲಸಿಗರು, ಖಜಾನೆ, ನಮ್ಮ ತೆರಿಗೆ: ಬಜೆಟ್ ಕೆಲಸ ಮಾಡುವವರ ಜೊತೆ ಪ್ರಶ್ನೋತ್ತರ

ಹೋದ ವಾರ ನಮ್ಮ ಗುಂಪಿನಲ್ಲಿ "ವಲಸಿಗರಿಂದ ಕ್ಯಾಲಿಫೋರ್ನಿಯಾ ದಿವಾಳಿ ಆಗ್ತಿದೆಯಾ" ಅನ್ನೋ ವಿಷಯಕ್ಕೆ ಜಗಳ ಹತ್ತಿತ್ತು. ಸರ್ಕಾರಿ ಬಜೆಟ್ ತಯಾರಿಯಲ್ಲೇ ತುಂಬಾ ವರ್ಷ ಕೆಲಸ ಮಾಡಿರುವ ನಮ್ಮ ಸದಸ್ಯೆಯೊಬ್ಬರು ಉತ್ತರ ಕೊಡಲು ಒಪ್ಪಿದರು. ಬಂದ ಪ್ರಶ್ನೆಗಳು, ಅವರ ಉತ್ತರಗಳು ಕೆಳಗಿವೆ.

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಎಚ್-1ಬಿ ಕೆಲಸದ ವೀಸಾದಲ್ಲಿದ್ದೇನೆ, ಸನಿವೇಲ್‌ನಲ್ಲಿ ಕೆಲಸ. ಸಂಬಳ ಕೈಗೆ ಬರೋ ಮೊದಲೇ ಒಂದು ದೊಡ್ಡ ಪಾಲು ತೆರಿಗೆಗೆ ಹೋಗುತ್ತೆ. ಆದರೆ 2025ರಲ್ಲಿ ರಾಜ್ಯಕ್ಕೆ 12 ಬಿಲಿಯನ್ ಡಾಲರ್ ಕೊರತೆ ಅಂದರು, ವಲಸಿಗರೇ ಕಾರಣ ಅಂತ ಟಿವಿಯಲ್ಲಿ ಕೂಗಾಡಿದರು. ನೇರವಾಗಿ ಕೇಳ್ತೀನಿ, ವಲಸಿಗರು ಖಜಾನೆಗೆ ಲಾಭವೋ ನಷ್ಟವೋ?

ಉತ್ತರ: ನಮಸ್ಕಾರ. ನೀವು ನೇರವಾಗಿ ಕೇಳಿದಿರಿ, ನಾನೂ ನೇರವಾಗಿ ತಿರುಗಿ ಕೇಳ್ತೀನಿ. ಯಾರ ಖಜಾನೆಗೆ? ನಿಮ್ಮ ಪೇ ಸ್ಲಿಪ್ ತೆಗೆದು ಒಂದೊಂದೇ ಸಾಲು ನೋಡಿ. ಫೆಡರಲ್ ಆದಾಯ ತೆರಿಗೆ ಇದೆ. ಪಿಂಚಣಿಗೆ ಅಂತ ಸೋಷಿಯಲ್ ಸೆಕ್ಯೂರಿಟಿ 6.2 ಪರ್ಸೆಂಟ್, ವಯಸ್ಸಾದವರ ಆರೋಗ್ಯ ವಿಮೆಗೆ ಅಂತ ಮೆಡಿಕೇರ್ 1.45 ಪರ್ಸೆಂಟ್ ಇದೆ. ಈ ಮೂರೂ ವಾಷಿಂಗ್ಟನ್‌ಗೆ ಹೋಗುತ್ತವೆ. ಅದರ ಕೆಳಗೆ ಕ್ಯಾಲಿಫೋರ್ನಿಯಾದ ಆದಾಯ ತೆರಿಗೆ ಇದೆಯಲ್ಲ, ರಾಜ್ಯಕ್ಕೆ ಸಿಗೋ ಆದಾಯ ತೆರಿಗೆ ಅದೊಂದೇ. ಈಗ ಖರ್ಚಿನ ಕಡೆ ಬನ್ನಿ. ನಿಮ್ಮ ಮಗು ಸರ್ಕಾರಿ ಶಾಲೆಗೆ ಹೋದರೆ ಅದರ ಬಹುಪಾಲು ಬಿಲ್ ರಾಜ್ಯದ್ದು, ಸ್ಥಳೀಯ ಶಾಲಾ ಜಿಲ್ಲೆಯದ್ದು. ಕೇಂದ್ರ ಕೊಡೋದು ಸಣ್ಣ ಪಾಲು. ಅಂದರೆ ದುಡ್ಡು ಜಾಸ್ತಿ ಹೋಗೋದು ಒಂದು ಕಡೆ, ಬಿಲ್ ಬರೋದು ಇನ್ನೊಂದು ಕಡೆ.

ಇದು ನನ್ನ ಊಹೆ ಅಲ್ಲ. 1997ರಲ್ಲಿ ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ಒಂದು ದೊಡ್ಡ ವರದಿ ತಂದಿತು. ವಲಸಿಗರ ಕಾರಣಕ್ಕೆ ಕ್ಯಾಲಿಫೋರ್ನಿಯಾದಲ್ಲಿ, ಇಲ್ಲೇ ಹುಟ್ಟಿದವರ ಪ್ರತಿ ಮನೆಯ ಮೇಲೆ ವರ್ಷಕ್ಕೆ ಸುಮಾರು 1,178 ಡಾಲರ್ ಹೆಚ್ಚು ಹೊರೆ ಬೀಳುತ್ತೆ ಅಂತ ಅದರಲ್ಲಿತ್ತು. ಅದೇ ವರದಿಯ ಇನ್ನೊಂದು ಲೆಕ್ಕದಲ್ಲಿ, ಒಬ್ಬ ಸರಾಸರಿ ವಲಸಿಗ ಮತ್ತು ಅವರ ಮಕ್ಕಳು ಮೊಮ್ಮಕ್ಕಳನ್ನು ಸೇರಿಸಿ ದೀರ್ಘಕಾಲಕ್ಕೆ ನೋಡಿದರೆ ಸರ್ಕಾರಗಳಿಗೆ ಒಟ್ಟು 80,000 ಡಾಲರ್ ಲಾಭ. ಅದನ್ನು ಬಿಡಿಸಿದರೆ ಕೇಂದ್ರಕ್ಕೆ 1,05,000 ಪ್ಲಸ್, ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳಿಗೆ 25,000 ಮೈನಸ್. ಒಂದು ಪಕ್ಷದವರು 1,178ರ ಹೊರೆ ಹಿಡಿದುಕೊಂಡರು, ಇನ್ನೊಂದು ಪಕ್ಷದವರು 80,000ದ ಲಾಭ. ಎರಡೂ ಸರಿಯೇ. ಪೂರ್ತಿ ವರದಿ ಓದಿದವರು ಎಷ್ಟು ಜನವೋ!

ಪ್ರಶ್ನೆ (ಅದೇ ಸದಸ್ಯರು): ಅಂದರೆ ರಾಜ್ಯಕ್ಕೆ ನಷ್ಟ ಅಂತಾಯ್ತಲ್ಲ?

ಉತ್ತರ: ಮೊದಲ ತಲೆಮಾರಿನಲ್ಲಿ, ಸರಾಸರಿ ತೆಗೆದರೆ, ಹೌದು. ಅದರ ದೊಡ್ಡ ಕಾರಣ ಮಕ್ಕಳ ಶಾಲೆ. 2016ರಲ್ಲಿ ಆ ಕೌನ್ಸಿಲ್‌ನ ಮಾತೃಸಂಸ್ಥೆ ನ್ಯಾಷನಲ್ ಅಕಾಡೆಮಿಯವರು ಮತ್ತೆ ಲೆಕ್ಕ ಹಾಕಿದಾಗಲೂ ಇದೇ ಬಂತು. ಆದರೆ ಆ ಮಕ್ಕಳು ದೊಡ್ಡವರಾದ ಮೇಲೆ ಅತಿ ಹೆಚ್ಚು ತೆರಿಗೆ ಕಟ್ಟುವವರ ಸಾಲಿಗೆ ಬರುತ್ತಾರೆ ಅಂತಲೂ ಬಂತು. ಕಷ್ಟ ಏನಪ್ಪಾ ಅಂದರೆ ಬಜೆಟ್ ಒಂದು ವರ್ಷದ್ದು. ಎರಡನೇ ಕ್ಲಾಸಿನ ಮಗು ಈ ವರ್ಷದ ಪುಸ್ತಕದಲ್ಲಿ ಬರೀ ಖರ್ಚು. ಅದು ತೆರಿಗೆ ಕಟ್ಟೋ ಹೊತ್ತಿಗೆ ಈ ಬಜೆಟ್ ಬರೆದವರೆಲ್ಲ ರಿಟೈರ್ ಆಗಿರ್ತಾರೆ. ಆಗ ಆ ಮಗು ಟೆಕ್ಸಾಸ್‌ಗೆ ಹೋಗಿ ನೆಲೆಸಿದರೆ ನಾವು ಹಾಕಿದ ದುಡ್ಡಿನ ಫಲ ಟೆಕ್ಸಾಸ್‌ಗೆ. ಇದನ್ನು ಯಾರೂ ಭಾಷಣದಲ್ಲಿ ಹೇಳಲ್ಲ.

ಪ್ರಶ್ನೆ: ಮೇಡಂ, ನೀವು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ಹಾಕ್ತಿದ್ದೀರಿ. ನಾವು ಕಾನೂನು ಪ್ರಕಾರ ಬಂದವರು, ಗ್ರೀನ್ ಕಾರ್ಡ್‌ಗೆ ಕಾದು ಕಾದು ಸುಸ್ತಾಗಿದ್ದೇವೆ. ದಾಖಲೆ ಇಲ್ಲದೆ ಬಂದವರು ಟ್ಯಾಕ್ಸ್ ಕಟ್ಟದೇ ಮೆಡಿ-ಕ್ಯಾಲ್ (ಕಡಿಮೆ ಆದಾಯದವರಿಗೆ ರಾಜ್ಯ ಕೊಡೋ ಆರೋಗ್ಯ ವಿಮೆ) ತಗೊಳ್ತಾರೆ. ಇದು ನ್ಯಾಯವಾ?

ಉತ್ತರ: ನಿಮ್ಮ ಸಿಟ್ಟು ಅರ್ಥ ಆಗುತ್ತೆ. ಗ್ರೀನ್ ಕಾರ್ಡ್ ಕ್ಯೂ ಇಷ್ಟುದ್ದ ಇರೋದು ಅನ್ಯಾಯವೇ. ಆದರೆ ಆ ಕ್ಯೂ ಮಾಡಿದ್ದು ಅಮೆರಿಕದ ಕಾಂಗ್ರೆಸ್ (ಇಲ್ಲಿನ ಸಂಸತ್ತು), ಹೊಲದಲ್ಲಿ ಸ್ಟ್ರಾಬೆರಿ ಕೀಳೋರು ಅಲ್ಲ.

"ಟ್ಯಾಕ್ಸ್ ಕಟ್ಟಲ್ಲ" ಅನ್ನೋದು ಮಾತ್ರ ತಪ್ಪು. ಅಂಗಡಿಯಲ್ಲಿ ಸೇಲ್ಸ್ ಟ್ಯಾಕ್ಸ್ ಹಾಕುವಾಗ ವೀಸಾ ಯಾವುದು ಅಂತ ಯಾರೂ ಕೇಳಲ್ಲ. ಬಾಡಿಗೆ ಕೊಟ್ಟರೆ ಮನೆ ಮಾಲೀಕರ ಪ್ರಾಪರ್ಟಿ ಟ್ಯಾಕ್ಸ್ ಅದರೊಳಗೇ ಇರುತ್ತೆ. ಸೋಷಿಯಲ್ ಸೆಕ್ಯೂರಿಟಿ ನಂಬರ್ ಇಲ್ಲದವರೂ ರಿಟರ್ನ್ ಫೈಲ್ ಮಾಡಲಿ ಅಂತ ಕೇಂದ್ರದ ತೆರಿಗೆ ಇಲಾಖೆಯಾದ ಐಆರ್‌ಎಸ್ 1996ರಿಂದ ಐಟಿನ್ ಅನ್ನೋ ನಂಬರ್ ಕೊಡ್ತಿದೆ. ಬೇರೆಯವರ ನಂಬರ್ ತೋರಿಸಿ ಕೆಲಸಕ್ಕೆ ಸೇರಿದವರ ಸಂಬಳದಲ್ಲೂ ಸೋಷಿಯಲ್ ಸೆಕ್ಯೂರಿಟಿ ಕಟ್ ಆಗುತ್ತೆ. ಪಿಂಚಣಿ ಮಾತ್ರ ಅವರಿಗೆ ಸಿಗಲ್ಲ. ಐಟೆಪ್ ಅನ್ನೋ ತೆರಿಗೆ ಸಂಶೋಧನಾ ಸಂಸ್ಥೆಯ ಅಂದಾಜಿನಲ್ಲಿ ದಾಖಲೆ ಇಲ್ಲದವರು 2022ರಲ್ಲಿ ಕ್ಯಾಲಿಫೋರ್ನಿಯಾದ ರಾಜ್ಯ ಮತ್ತು ಸ್ಥಳೀಯ ತೆರಿಗೆ ಅಂತ ಕಟ್ಟಿದ್ದು ಸುಮಾರು 8.5 ಬಿಲಿಯನ್ ಡಾಲರ್. ಈ ಸಂಸ್ಥೆ ಎಡಪಂಥೀಯ ಅಂತ ಕೆಲವರು ಹೇಳ್ತಾರೆ, ಹಾಗಾಗಿ ಬೇಕಾದರೆ ಸ್ವಲ್ಪ ಕಡಿಮೆ ಮಾಡಿಕೊಳ್ಳಿ. ಸೊನ್ನೆ ಅಂತೂ ಆಗಲ್ಲ.

ಮೆಡಿ-ಕ್ಯಾಲ್ ವಿಷಯದಲ್ಲಿ ನಿಮ್ಮ ಮಾತಿನಲ್ಲಿ ಹುರುಳಿದೆ. ರಾಜ್ಯ ಹಂತ ಹಂತವಾಗಿ ಬಾಗಿಲು ತೆರೆಯಿತು. 2016ರಲ್ಲಿ ಮಕ್ಕಳಿಗೆ, 2020ರಲ್ಲಿ 25 ವಯಸ್ಸಿನವರೆಗಿನ ಯುವಕರಿಗೆ, 2022ರಲ್ಲಿ 50 ದಾಟಿದವರಿಗೆ, 2024ರ ಜನವರಿಯಲ್ಲಿ ಉಳಿದವರಿಗೆ. ತುರ್ತು ಚಿಕಿತ್ಸೆ, ಗರ್ಭಿಣಿಯರ ಆರೈಕೆ ಬಿಟ್ಟರೆ ಇದಕ್ಕೆ ಕೇಂದ್ರ ದುಡ್ಡು ಕೊಡಲ್ಲ, ಪೂರ್ತಿ ರಾಜ್ಯದ ಜೇಬಿನಿಂದ. ಅಂದಾಜಿಗಿಂತ ಜಾಸ್ತಿ ಜನ ಸೇರಿದರು, ಔಷಧಿ ಬೆಲೆಯೂ ಏರಿತು, 2025ರ ಮಾರ್ಚ್‌ನಲ್ಲಿ ಮೆಡಿ-ಕ್ಯಾಲ್ ನಡೆಸೋಕೆ ರಾಜ್ಯ ತನ್ನದೇ ಮುಖ್ಯ ಖಜಾನೆಯಾದ ಜನರಲ್ ಫಂಡ್‌ನಿಂದ 3.4 ಬಿಲಿಯನ್ ಸಾಲ ಎತ್ತಬೇಕಾಯಿತು. ಆ ವರ್ಷದ ಬಜೆಟ್‌ನಲ್ಲೇ ಹಿಂದೆ ಸರಿದರು. ದಾಖಲೆ ಇಲ್ಲದ ವಯಸ್ಕರಿಗೆ 2026ರ ಜನವರಿಯಿಂದ ಹೊಸ ಸೇರ್ಪಡೆ ಬಂದ್, 2027ರ ಜುಲೈಯಿಂದ ತಿಂಗಳಿಗೆ 30 ಡಾಲರ್ ಪ್ರೀಮಿಯಂ ಅಂತ ತೀರ್ಮಾನವಾಯಿತು. ಬಜೆಟ್‌ನವರ ಕಣ್ಣಲ್ಲಿ ಹೇಳಬೇಕಂದರೆ, ದುಡ್ಡು ಜಾಸ್ತಿ ಬಂದ ವರ್ಷ ಕಾಯಂ ಖರ್ಚು ಶುರು ಮಾಡಿದ್ದು ಅವಸರದ ಕೆಲಸ. ಹಾಗಂತ ಇವರಿಗೆ ಏನೂ ಕೊಡದಿದ್ದರೆ ಖರ್ಚು ಮಾಯ ಆಗಲ್ಲ. ಎಮರ್ಜೆನ್ಸಿಗೆ ಬಂದವರನ್ನು ನೋಡದೆ ವಾಪಸ್ ಕಳಿಸುವಂತಿಲ್ಲ ಅಂತ 1986ರಿಂದ ಫೆಡರಲ್ ಕಾನೂನಿದೆ. ಸಕ್ಕರೆ ಕಾಯಿಲೆಗೆ ಮಾತ್ರೆ ಕೊಡದೆ, ಕೊನೆಗೆ ಎಮರ್ಜೆನ್ಸಿಯಲ್ಲಿ ಕಾಲು ತೆಗೆಯೋ ಆಪರೇಷನ್‌ಗೆ ದುಡ್ಡು ಕೊಡೋದು ಉಳಿತಾಯ ಅಲ್ಲ.

ಪ್ರಶ್ನೆ: ಹಾಗಾದರೆ ಶಾಲೆನಾದ್ರೂ ನಿಲ್ಲಿಸಬಹುದಿತ್ತಲ್ಲ? ದೊಡ್ಡ ಖರ್ಚು ಅದೇ ಅಂತ ನೀವೇ ಹೇಳಿದಿರಿ.

ಉತ್ತರ: ಅದನ್ನೂ ಮಾಡಿ ನೋಡಿದ್ದಾರೆ. 1990ರ ಶುರುವಿನಲ್ಲಿ ಇಲ್ಲಿ ಭಾರಿ ಆರ್ಥಿಕ ಹಿಂಜರಿತ. ಶೀತಲ ಸಮರ ಮುಗಿದು ಲಾಸ್ ಏಂಜಲೀಸ್ ಕಡೆಯ ವಿಮಾನ, ರಕ್ಷಣಾ ಕಾರ್ಖಾನೆಗಳು ಮುಚ್ಚುತ್ತಿದ್ದವು. ಗವರ್ನರ್ ಪೀಟ್ ವಿಲ್ಸನ್ 1991ರಲ್ಲಿ ಬಂದಾಗ ಬಜೆಟ್‌ನಲ್ಲಿ ಸುಮಾರು 14 ಬಿಲಿಯನ್ ಕೊರತೆ. 1994ರ ನವೆಂಬರ್‌ನಲ್ಲಿ ಪ್ರೊಪೊಸಿಷನ್ 187, ಅಂದರೆ ಜನರೇ ನೇರವಾಗಿ ಮತ ಹಾಕಿ ತರೋ ಕಾನೂನು, ಮತಕ್ಕೆ ಬಂತು. ದಾಖಲೆ ಇಲ್ಲದವರಿಗೆ ಸರ್ಕಾರಿ ಶಾಲೆ ಇಲ್ಲ, ತುರ್ತು ಅಲ್ಲದ ಚಿಕಿತ್ಸೆ ಇಲ್ಲ. ಸುಮಾರು 59 ಪರ್ಸೆಂಟ್ ಜನ ಹೌದು ಅಂದರು. ಆದರೆ ದಾಖಲೆ ಇಲ್ಲದ ಮಕ್ಕಳಿಗೆ ಶಾಲೆ ನಿರಾಕರಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1982ರಲ್ಲೇ ಪ್ಲೈಲರ್ ಕೇಸಿನಲ್ಲಿ, ಟೆಕ್ಸಾಸ್ ವಿಷಯದಲ್ಲಿ, ಹೇಳಿಬಿಟ್ಟಿತ್ತು. 187ಕ್ಕೆ ಕೋರ್ಟ್ ತಡೆ ಕೊಟ್ಟಿತು, 1999ರಲ್ಲಿ ಹೊಸ ಗವರ್ನರ್ ಗ್ರೇ ಡೇವಿಸ್ ಕಾಲದಲ್ಲಿ ಮೇಲ್ಮನವಿಯನ್ನೂ ಕೈಬಿಟ್ಟರು. "ಗಡಿ ಕಾಯೋದು ನಿಮ್ಮ ಕೆಲಸ, ಆದ ಖರ್ಚು ನೀವೇ ಕೊಡಿ" ಅಂತ ವಿಲ್ಸನ್ ಸರ್ಕಾರ ಕೇಂದ್ರದ ಮೇಲೆ ಕೇಸನ್ನೂ ಹಾಕಿತ್ತು. ಸೋತಿತು. ನನ್ನ ಕೇಳಿದರೆ ಆ ವಾದದಲ್ಲಿ ತಪ್ಪೇನಿರಲಿಲ್ಲ. ಕೋರ್ಟ್ ಒಪ್ಪಲಿಲ್ಲ ಅಷ್ಟೇ.

ಪ್ರಶ್ನೆ: ಚಿಕ್ಕ ಪ್ರಶ್ನೆ ಅಕ್ಕಾ. ನಾನು ಆರು ವರ್ಷ ಕೆಲಸ ಮಾಡಿ ಭಾರತಕ್ಕೆ ವಾಪಸ್ ಹೋದರೆ ಕಟ್ಟಿದ ಸೋಷಿಯಲ್ ಸೆಕ್ಯೂರಿಟಿ ವಾಪಸ್ ಸಿಗುತ್ತಾ?

ಉತ್ತರ: ಇಲ್ಲ. ಪಿಂಚಣಿಗೆ 40 ಕ್ರೆಡಿಟ್ ಬೇಕು, ಅಂದರೆ ಹತ್ತು ವರ್ಷದ ಕೆಲಸ. ಭಾರತ ಮತ್ತು ಅಮೆರಿಕದ ಮಧ್ಯೆ ಈ ಬಗ್ಗೆ ಒಪ್ಪಂದ ಇಲ್ಲ, ಹಾಗಾಗಿ ಅಲ್ಲಿನ ಸೇವೆ ಇಲ್ಲಿಗೆ ಸೇರಿಸೋಕೂ ಬರಲ್ಲ. ಕೇಂದ್ರಕ್ಕೆ ಲಾಭ ತರೋ ವಲಸಿಗ ಯಾರು ಅಂತ ಕೇಳಿದರೆ ನಿಮ್ಮ ಫೋಟೋನೇ ತೋರಿಸಬಹುದು.

ಪ್ರಶ್ನೆ: ಜನಸಂಖ್ಯೆಯ ಬಣ್ಣವೇ ಬದಲಾಗ್ತಿದೆ, ಅದಕ್ಕೇ ರಾಜ್ಯ ಬಡವಾಗ್ತಿದೆ ಅಂತ ನನ್ನ ಆಫೀಸಿನವರೊಬ್ಬರು ಹೇಳ್ತಾರೆ. ಏನಂತ ಉತ್ತರ ಕೊಡಲಿ?

ಉತ್ತರ: ಬದಲಾಗಿರೋದು ನಿಜ. 1990ರ ಸೆನ್ಸಸ್‌ನಲ್ಲಿ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದವರು) ಅಲ್ಲದ ಬಿಳಿಯರು ಸುಮಾರು 57 ಪರ್ಸೆಂಟ್, ಲ್ಯಾಟಿನೋಗಳು 26. 2020ರಲ್ಲಿ ಬಿಳಿಯರು ಸುಮಾರು 35, ಲ್ಯಾಟಿನೋಗಳು 39, ಏಷ್ಯನ್ನರು 15. ಈ ಮೂವತ್ತು ವರ್ಷದಲ್ಲಿ ರಾಜ್ಯ ಬಡವಾಯಿತಾ? ಸಿಲಿಕಾನ್ ವ್ಯಾಲಿ ಬೆಳೆದಿದ್ದೇ ಈ ಅವಧಿಯಲ್ಲಿ. ನಿಮ್ಮ ಆಫೀಸಿನವರು ಊಟದ ಹಾಲ್‌ನಲ್ಲಿ ಒಮ್ಮೆ ಸುತ್ತ ನೋಡಿದರೆ ಸಾಕು.

ಖಜಾನೆಯ ಕಷ್ಟ ಬೇರೆ ಕಡೆ ಇದೆ. ಜನರಲ್ ಫಂಡ್‌ನ ಅರ್ಧಕ್ಕಿಂತ ಜಾಸ್ತಿ ದುಡ್ಡು ಆದಾಯ ತೆರಿಗೆಯಿಂದ. ಆ ತೆರಿಗೆಯಲ್ಲಿ 40 ಪರ್ಸೆಂಟ್ ಆಸುಪಾಸು, ಕೆಲವು ವರ್ಷ ಇನ್ನೂ ಜಾಸ್ತಿ, ಕಟ್ಟೋದು ಮೇಲಿನ 1 ಪರ್ಸೆಂಟ್ ಜನ. ಅವರ ಆದಾಯ ಷೇರು ಮಾರುಕಟ್ಟೆ ಜೊತೆ ಏರುತ್ತೆ, ಇಳಿಯುತ್ತೆ. ಮಾರುಕಟ್ಟೆ ಮಲಗಿದರೆ ರಾಜಧಾನಿ ಸ್ಯಾಕ್ರಮೆಂಟೋದಲ್ಲಿ ಕೊರತೆ. ಅದಕ್ಕೆ ಯಾರ ಚರ್ಮದ ಬಣ್ಣವೂ ಕಾರಣ ಅಲ್ಲ.

ಇನ್ನು ಪ್ರಾಪರ್ಟಿ ಟ್ಯಾಕ್ಸ್. 1978ರ ಪ್ರೊಪೊಸಿಷನ್ 13 ಪ್ರಕಾರ ತೆರಿಗೆಯ ಮೂಲ ದರ ಮನೆ ಬೆಲೆಯ 1 ಪರ್ಸೆಂಟ್. ಮಾರೋವರೆಗೆ ಆ ಲೆಕ್ಕದ ಬೆಲೆ ವರ್ಷಕ್ಕೆ 2 ಪರ್ಸೆಂಟ್‌ಗಿಂತ ಜಾಸ್ತಿ ಏರುವಂತಿಲ್ಲ. ಫ್ರೀಮಾಂಟ್‌ನಲ್ಲಿ ಅಕ್ಕಪಕ್ಕದ ಒಂದೇ ಥರದ ಎರಡು ಮನೆ ಅಂದುಕೊಳ್ಳಿ. ಒಬ್ಬರು 1985ರಲ್ಲಿ ಒಂದೂವರೆ ಲಕ್ಷ ಡಾಲರ್‌ಗೆ ತಗೊಂಡರು, ಅವರ ವರ್ಷದ ತೆರಿಗೆ ಈಗ ಹೆಚ್ಚೆಂದರೆ 3,300 ಆಸುಪಾಸು. ಪಕ್ಕದ ಮನೆಯನ್ನು ಮೊನ್ನೆ ನೀವು 15 ಲಕ್ಷಕ್ಕೆ ತಗೊಂಡಿರಿ, ನಿಮ್ಮದು 15,000. ಅದೇ ರಸ್ತೆ, ಅದೇ ಫೈರ್ ಸ್ಟೇಷನ್, ಅದೇ ಶಾಲೆ. ಹೊಸದಾಗಿ ಬಂದವರು ಹಳಬರ ಮೇಲೆ ಹೊರೆ ಅನ್ನೋರಿಗೆ ಈ ಎರಡು ಬಿಲ್ ತೋರಿಸಿ.

ಪ್ರಶ್ನೆ: ಕೊನೆಯದು. ವಲಸೆ ಕಡಿಮೆ ಆದರೆ ಬಜೆಟ್ ಸರಿಹೋಗುತ್ತಾ?

ಉತ್ತರ: ನನಗೆ ಭಯ ಇರೋದೇ ಅಲ್ಲಿ. 1990ರಲ್ಲಿ ಇಲ್ಲಿ ವರ್ಷಕ್ಕೆ 6 ಲಕ್ಷಕ್ಕೂ ಹೆಚ್ಚು ಮಕ್ಕಳು ಹುಟ್ಟುತ್ತಿದ್ದರು, ಈಗ ಸುಮಾರು 4 ಲಕ್ಷ. ಸರ್ಕಾರಿ ಶಾಲೆಗಳಲ್ಲಿ ಒಂದು ಕಾಲಕ್ಕೆ 63 ಲಕ್ಷ ಮಕ್ಕಳಿದ್ದರು, ಈಗ 58 ಲಕ್ಷದ ಹತ್ತಿರ. ಇಲ್ಲಿ ಶಾಲೆಗೆ ದುಡ್ಡು ಬರೋದು ದಿನದ ಹಾಜರಿ ಲೆಕ್ಕದಲ್ಲಿ. ಮೂವತ್ತು ಮಕ್ಕಳ ಕ್ಲಾಸಿನಲ್ಲಿ ನಾಲ್ಕು ಮಕ್ಕಳು ಕಡಿಮೆ ಆದರೆ ನಾಲ್ಕು ಮಕ್ಕಳ ದುಡ್ಡು ಹೋಯಿತು. ಟೀಚರ್ ಸಂಬಳ, ಕರೆಂಟ್ ಬಿಲ್ ಅಷ್ಟೇ ಇರುತ್ತೆ. ಶಾಲೆ ಮುಚ್ಚೋ ಗಲಾಟೆ ಶುರುವಾಗೋದು ಹೀಗೆ. ಅದೇ ಹೊತ್ತಿಗೆ ವಯಸ್ಸಾದವರು ಜಾಸ್ತಿ ಆಗ್ತಿದ್ದಾರೆ. ಅವರನ್ನು ಮನೆಯಲ್ಲಿ ನೋಡಿಕೊಳ್ಳೋ ಕೆಲಸದಲ್ಲಿ ವಲಸೆ ಬಂದ ಹೆಂಗಸರೇ ಎದ್ದು ಕಾಣ್ತಾರೆ. 2020ರ ಸೆನ್ಸಸ್ ಆದ ಮೇಲೆ ಕ್ಯಾಲಿಫೋರ್ನಿಯಾ ತನ್ನ ಇತಿಹಾಸದಲ್ಲೇ ಮೊದಲ ಸಲ ಕಾಂಗ್ರೆಸ್‌ನಲ್ಲಿ ಒಂದು ಸೀಟು ಕಳೆದುಕೊಂಡಿತು, 53ರಿಂದ 52. ವಾಷಿಂಗ್ಟನ್‌ನಲ್ಲಿ ದುಡ್ಡು ಹಂಚೋವಾಗ ನಮ್ಮ ಪರ ಒಂದು ದನಿ ಕಡಿಮೆ. ಬೇರೆ ರಾಜ್ಯಗಳಿಗೆ ಹೋಗೋರು ಬರೋರಿಗಿಂತ ಜಾಸ್ತಿ ಇರುವಾಗ ಆ ಜಾಗ ತುಂಬ್ತಿರೋದು ಹೊರದೇಶದಿಂದ ಬರೋರೇ.

ಯಾರು, ಎಷ್ಟು ಜನ, ಯಾವ ವೀಸಾದಲ್ಲಿ ಅನ್ನೋದರ ಬಗ್ಗೆ ಜಗಳ ಆಡೋಣ, ಬೇಕಾದಷ್ಟಿದೆ. ಆದರೆ ನಿಜವಾದ ಲೆಕ್ಕ ನೋಡಬೇಕಿದ್ದರೆ ಟಿವಿ ಆಫ್ ಮಾಡಿ, ಶಾಸಕರಿಗೆ ಬಜೆಟ್ ಲೆಕ್ಕ ಪರಿಶೀಲಿಸಿ ಕೊಡೋ ಲೆಜಿಸ್ಲೇಟಿವ್ ಅನಲಿಸ್ಟ್ ಆಫೀಸ್‌ನವರ ವರದಿ ಓದಿ. ಯಾವ ಪಕ್ಷಕ್ಕೂ ಸೇರದವರು, ಭಾಷೆಯೂ ಸುಲಭ. ಗವರ್ನರ್ ಬಜೆಟ್ ಪ್ರಸ್ತಾಪ ಜನವರಿ 10ರೊಳಗೆ ಬರುತ್ತೆ, ತಿದ್ದಿದ್ದು ಮೇ 14ರೊಳಗೆ, ಶಾಸಕರು ಪಾಸ್ ಮಾಡಬೇಕಾದ ಗಡುವು ಜೂನ್ 15. ನಿಮ್ಮ ಶಾಲಾ ಜಿಲ್ಲೆಯೂ ಜೂನ್‌ನಲ್ಲೇ ಬಜೆಟ್ ಒಪ್ಪಬೇಕು, ಆ ಮೀಟಿಂಗ್‌ನಲ್ಲಿ ಮಾತಾಡೋಕೆ ಗ್ರೀನ್ ಕಾರ್ಡೂ ಬೇಕಿಲ್ಲ, ಮತದ ಹಕ್ಕೂ ಬೇಕಿಲ್ಲ.