ಹಳೆಯ ಪುಸ್ತಕಗಳ ಡಿಜಿಟಲೀಕರಣ: ವಿಶ್ವವಿದ್ಯಾಲಯದ ಕೇಂದ್ರದಿಂದ ನಾವು ಏನನ್ನು ಕೇಳಬೇಕು?

ವಾಚನಾಲಯದ ಕಾರ್ಯದರ್ಶಿ, ಗದಗ

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ವಾಚನಾಲಯದಲ್ಲಿ ಸುಮಾರು ನಾಲ್ಕು ನೂರು ಹಳೆಯ ಪುಸ್ತಕಗಳೂ ಕೆಲವು ಮಾಸಪತ್ರಿಕೆಗಳ ಹೊಲಿದಿಟ್ಟ ಸಂಪುಟಗಳೂ ಇವೆ. ಹೆಚ್ಚಿನವು ಧಾರವಾಡ, ಹುಬ್ಬಳ್ಳಿಗಳಲ್ಲೇ ಅಚ್ಚಾದವು. ಈಗ ಹಾಳೆ ಮಗುಚಿದರೆ ಅಂಚು ಹಪ್ಪಳದಂತೆ ಮುರಿಯುತ್ತದೆ. ಕೆಲವು ವಿಶ್ವವಿದ್ಯಾಲಯಗಳಲ್ಲಿ ಡಿಜಿಟಲ್ ಗ್ರಂಥಾಲಯದ ಸಂಶೋಧನೆಗೂ ನೆರವಿಗೂ ಮೀಸಲಾದ ಕೇಂದ್ರಗಳಿವೆ ಎಂದು ಕೇಳಿದ್ದೇವೆ. ಪುಸ್ತಕಗಳನ್ನೆಲ್ಲ ಅಂಥ ಕೇಂದ್ರಕ್ಕೆ ಒಪ್ಪಿಸಿಬಿಡೋಣ ಎಂದು ಸಮಿತಿಯ ಕೆಲವರು ಹೇಳಿದರೆ, ಒಂದು ಸ್ಕ್ಯಾನರ್ ಕೊಂಡರೆ ನಾವೇ ಮುಗಿಸಬಹುದು ಎಂದು ಉಳಿದವರು ಹೇಳುತ್ತಾರೆ. ಅಂಥ ಕೇಂದ್ರಗಳು ನಿಜಕ್ಕೂ ಮಾಡುವ ಕೆಲಸವೇನು, ನಾವು ಕೇಳಬಹುದಾದ ನೆರವು ಯಾವುದು ಎಂಬುದನ್ನು ಬಲ್ಲವರು ತಿಳಿಸಬೇಕು.

ಗ್ರಂಥಪಾಲಕಿ, ಧಾರವಾಡ

ಕಾರ್ಯದರ್ಶಿಗಳೇ, ನಿಮ್ಮ ಸಮಿತಿಯ ಎರಡು ಮಾತುಗಳ ನಡುವೆಯೇ ಉತ್ತರವಿದೆ. ಇಂಥ ಕೇಂದ್ರಗಳು ಸಾಮಾನ್ಯವಾಗಿ ಪರರ ಪುಸ್ತಕಗಳನ್ನು ತಂದು ತುಂಬಿಕೊಳ್ಳುವುದಿಲ್ಲ. ಪುಸ್ತಕವಿರುವವರ ಕೈಗೆ ಸಾಧನವನ್ನೂ ತರಬೇತಿಯನ್ನೂ ಕೊಡುತ್ತವೆ. ನ್ಯೂಜಿಲೆಂಡಿನ ವೈಕಾಟೊ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ಗ್ರೀನ್‌ಸ್ಟೋನ್ ಎಂಬ, ಡಿಜಿಟಲ್ ಗ್ರಂಥಾಲಯ ಕಟ್ಟುವ ಮುಕ್ತ ತಂತ್ರಾಂಶವು ಯುನೆಸ್ಕೋದ ಸಹಕಾರದಿಂದ ಹಲವು ದೇಶಗಳ ಸಣ್ಣ ಗ್ರಂಥಾಲಯಗಳನ್ನು ತಲುಪಿತು, ಅದನ್ನು ಬಳಸುವ ದಕ್ಷಿಣ ಏಷ್ಯಾದವರಿಗೆ ನೆರವಾಗುವ ಹೊಣೆಯನ್ನು ಕೋಯಿಕ್ಕೋಡಿನ ಐಐಎಂ ಹೊತ್ತಿತು. ಎಂಐಟಿ ಮತ್ತು ಎಚ್‌ಪಿ ಸಂಸ್ಥೆಗಳು ಕೂಡಿ 2002ರಲ್ಲಿ ಹೊರತಂದ ಡಿಸ್ಪೇಸ್ ಇಂಥ ಇನ್ನೊಂದು ತಂತ್ರಾಂಶ. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಬೆಸೆಯುವ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ, ಸಂಶೋಧನಾ ಪ್ರಬಂಧಗಳ ಸಂಗ್ರಹವಾದ ಶೋಧಗಂಗಾ ನಡೆಯುವುದು ಇದರ ಮೇಲೆಯೇ. ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಪಿಎಚ್.ಡಿ. ಪ್ರಬಂಧಗಳು ಅಲ್ಲಿ ಸಿಗುತ್ತವೆ. ನಮ್ಮಲ್ಲೇ ನೋಡುವುದಾದರೆ, ಗ್ರಂಥಾಲಯ ವಿಜ್ಞಾನಿ ರಂಗನಾಥನ್ ಅವರು 1962ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಡಿಆರ್‌ಟಿಸಿ (ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ) ಈ ವಿದ್ಯೆಯನ್ನು ಬಹುಕಾಲದಿಂದ ಕಲಿಸುತ್ತ ಬಂದಿದೆ.

ಆದ್ದರಿಂದ ಕೇಂದ್ರದವರನ್ನು ‘ಸ್ಕ್ಯಾನ್ ಮಾಡಿಕೊಡಿ’ ಎಂದು ಕೇಳುವ ಬದಲು ‘ವಿವರ ದಾಖಲಿಸುವುದನ್ನು ಕಲಿಸಿಕೊಡಿ’ ಎಂದು ಕೇಳಿರಿ. ಕೃತಿ, ಕರ್ತೃ, ಪ್ರಕಾಶಕರು, ಇಸವಿ, ಭಾಷೆ, ವಿಷಯ, ಹಕ್ಕು ಹೀಗೆ ಡಬ್ಲಿನ್ ಕೋರ್ ಪದ್ಧತಿಯಲ್ಲಿ 15 ಅಂಶಗಳಿವೆ. ಒಬ್ಬನೇ ಲೇಖಕನ ಹೆಸರು ಒಂದು ಪುಸ್ತಕದಲ್ಲಿ ಊರಿನ ಹೆಸರಿನೊಡನೆಯೂ ಮತ್ತೊಂದರಲ್ಲಿ ಬರೀ ಮೊದಲಕ್ಷರಗಳೊಡನೆಯೂ ಅಚ್ಚಾಗಿರುವುದು ನಮ್ಮ ಕಡೆ ಸಾಮಾನ್ಯವಾದ್ದರಿಂದ, ಯಾವುದಾದರೂ ಒಂದು ರೂಪವನ್ನು ನಿಶ್ಚಯಿಸಿಕೊಳ್ಳದೆ ಹೋದರೆ ಒಬ್ಬರೇ ಮೂವರಾಗಿ ಪಟ್ಟಿಯಲ್ಲಿ ಕುಳಿತುಬಿಡುತ್ತಾರೆ. ಸ್ಕ್ಯಾನರ್ ಕೊಳ್ಳುವ ಮೊದಲು ಈ ಪಟ್ಟಿಯನ್ನು ಮಾಡಿರಿ. ಪಟ್ಟಿಯಿದ್ದರೆ ಈಗಾಗಲೇ ಬೇರೆಡೆ ಡಿಜಿಟಲ್ ಆಗಿರುವ ಪುಸ್ತಕಗಳನ್ನು ಬಿಟ್ಟುಬಿಡಬಹುದು. ನಾಲ್ಕು ನೂರರಲ್ಲಿ ಎಷ್ಟು ಉಳಿಯುತ್ತವೋ ನೋಡಿ.

ನಿವೃತ್ತ ಶಿಕ್ಷಕ, ಹಾವೇರಿ

ಅಕ್ಕಾವರು ಹೇಳಿದ್ದಕ್ಕೆ ನನ್ನದೊಂದು ಕಹಿ ಅನುಭವವನ್ನು ಸೇರಿಸುತ್ತೇನೆ. ಹಲವು ವರ್ಷಗಳ ಹಿಂದೆ ನಮ್ಮ ಸಂಘದ ಪುಸ್ತಕಗಳನ್ನು ಒಬ್ಬ ಗುತ್ತಿಗೆದಾರರಿಂದ ಸ್ಕ್ಯಾನ್ ಮಾಡಿಸಿದೆವು. ಗಾಜಿನ ಮೇಲೆ ಒತ್ತಿ ಹಿಡಿದು ತೆಗೆದದ್ದರಿಂದ ಎಷ್ಟೋ ಪುಸ್ತಕಗಳ ಬೆನ್ನು ಮುರಿಯಿತು. ಕೊನೆಗೆ ಕೈಗೆ ಬಂದ ಸಿಡಿಗಳಲ್ಲಿ ಒಂದು, ಎರಡು, ಮೂರು ಎಂಬ ಅಂಕಿಗಳ ಹೊರತು ಕಡತಗಳಿಗೆ ಹೆಸರೇ ಇರಲಿಲ್ಲ. ಇಂದು ಆ ಸಿಡಿಗಳಲ್ಲಿ ಅರ್ಧದಷ್ಟು ತೆರೆಯುವುದಿಲ್ಲ. ಪುಸ್ತಕವನ್ನು ಅರೆತೆರೆದಿಟ್ಟು ಮೇಲಿನಿಂದ ಕ್ಯಾಮೆರಾದಲ್ಲಿ ಪುಟಗಳನ್ನು ತೆಗೆಯುವ ವ್ಯವಸ್ಥೆ ಇರುವಲ್ಲಿಗೇ ಹೋಗಿರಿ. ಪ್ರತಿಗಳನ್ನು ಕನಿಷ್ಠ ಎರಡು ಬೇರೆ ಊರುಗಳಲ್ಲಿ ಇರಿಸಿರಿ.

ತಂತ್ರಾಂಶದ ಕೆಲಸದವನು, ಹುಬ್ಬಳ್ಳಿ

ಹುಡುಕಾಟದ ಬಗ್ಗೆ ಒಂದು ಮಾತು. ಪುಟದ ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಅದರಲ್ಲಿ ಪದವನ್ನು ಹುಡುಕಲಾಗದು. ಚಿತ್ರವನ್ನು ಅಕ್ಷರವಾಗಿಸುವ ಓಸಿಆರ್ ಬೇಕು. ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶ ಕನ್ನಡವನ್ನು ಓದುತ್ತದೆ. ಆದರೆ ಮೊಳೆ ಸವೆದ ಹಳೆಯ ಅಚ್ಚಿನಲ್ಲಿ ‘ಮ’ ಮತ್ತು ‘ವು’, ‘ವ’ ಮತ್ತು ‘ಪ’, ಸೊನ್ನೆ ಮತ್ತು ಅನುಸ್ವಾರ ಒಂದರ ಜಾಗಕ್ಕೆ ಇನ್ನೊಂದು ಬರುತ್ತವೆ, ಒತ್ತಕ್ಷರಗಳಂತೂ ಕಳಚಿಯೇ ಬೀಳುತ್ತವೆ. ಇದನ್ನು ಸುಧಾರಿಸುವುದು ಸಂಶೋಧನೆಯ ಕೆಲಸವಾದ್ದರಿಂದ, ತಿದ್ದಿದ ಪುಟಗಳನ್ನು ಮಾದರಿಯಾಗಿ ಕೊಡಲು ನೀವು ಸಿದ್ಧರಿದ್ದರೆ ಕೇಂದ್ರದವರಿಗೂ ಅದು ಬೇಕಾದದ್ದೇ. ನಿಮ್ಮ ಪಟ್ಟಿಯನ್ನು ಹಳೆಯ ನುಡಿ, ಬರಹ ಫಾಂಟುಗಳ ಸಂಕೇತದಲ್ಲಿ ಬೆರಳಚ್ಚು ಮಾಡಿಸಬೇಡಿ, ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಯೂನಿಕೋಡ್ ಸಂಕೇತದಲ್ಲೇ ಮಾಡಿಸಿರಿ.

ವಾಚನಾಲಯದ ಕಾರ್ಯದರ್ಶಿ, ಗದಗ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆಯೇ ಪಟ್ಟಿಗೆ ಕೂತೆವು, ಮೊದಲ ಕಪಾಟಿನಲ್ಲೇ ತೊಡಕು ಬಂತು. ಒಂದು ಪುಸ್ತಕದಲ್ಲಿ ಶಕೆ 1845 ಎಂದಿದೆ. ಮತ್ತೊಂದರಲ್ಲಿ ರುಧಿರೋದ್ಗಾರಿ ಸಂವತ್ಸರ ಎಂದಷ್ಟೇ ಇದೆ. ಇಸವಿಯ ಅಂಕಣದಲ್ಲಿ ಏನು ಬರೆಯಬೇಕು? ಹಕ್ಕಿನ ಅಂಕಣವನ್ನು ತುಂಬುವುದು ಹೇಗೆ?

ಗ್ರಂಥಪಾಲಕಿ, ಧಾರವಾಡ

ಮುಖಪುಟದಲ್ಲಿ ಇದ್ದದ್ದನ್ನು ಇದ್ದಂತೆಯೇ ಒಂದು ಕಡೆ ಬರೆದು, ಲೆಕ್ಕ ಹಾಕಿದ ಇಸವಿಯನ್ನು ಬೇರೆ ಅಂಕಣದಲ್ಲಿ ಇರಿಸಿರಿ. ಶಕೆಗೆ 78 ಕೂಡಿಸಿದರೆ 1923. ಮಾಘ, ಫಾಲ್ಗುಣಗಳಲ್ಲಿ ಅಚ್ಚಾಗಿದ್ದರೆ 1924. ಸಂವತ್ಸರ ಮಾತ್ರ ಇದ್ದಾಗ ಅವಸರ ಬೇಡ, ಏಕೆಂದರೆ ರುಧಿರೋದ್ಗಾರಿ 1863ರಲ್ಲೂ ಬಂದಿತ್ತು, 1923ರಲ್ಲೂ ಬಂದಿತ್ತು. ಮುದ್ರಣಾಲಯದ ಹೆಸರು, ಬೆಲೆ, ಮುನ್ನುಡಿ ಬರೆದವರ ಕಾಲ ನೋಡಿ ನಿರ್ಧರಿಸಬೇಕು. ಹಕ್ಕಿಗೆ ಲೇಖಕರು ತೀರಿಕೊಂಡ ವರ್ಷ ಮುಖ್ಯ. ಆ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕು ಇರುತ್ತದೆ. 1960ರಲ್ಲಿ ತೀರಿಕೊಂಡವರ ಬರಹ 2021ರ ಜನವರಿ 1ರಿಂದ ಮುಕ್ತವಾಗಿದೆ. ಉಳಿದವರ ವಾರಸುದಾರರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಅದು ಸಿಗುವವರೆಗೆ ಪುಸ್ತಕದ ವಿವರವನ್ನಷ್ಟೇ ಜಾಲದಲ್ಲಿ ಇರಿಸಿರಿ, ಪುಟಗಳನ್ನು ಹಾಕಬೇಡಿ.